ಮಿಂಚಕ್ಕನ ಬಾಕಿ ಬಟ್ಟೆ

ನನಗೆ ಅನುಮಾನ ಸ್ವಲ್ಪ ಜಾಸ್ತಿ. ಇದು ಹುಟ್ಟುಗುಣವೋ ಉದ್ಯೋಗದಿಂದ ಅಂಟಿಕೊಂಡದ್ದೋ ಹೇಳಲಾರೆ. ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರನಾಗಿ ಕೂತು ಕೂತು ತಲೆಗೂದಲು ಉದುರಿಸಿಕೊಂಡವನು ನಾನು. ಗಿರಾಕಿಯೊಬ್ಬ ಸಾಂಬಾರಿನ ಬಟ್ಟಲನ್ನು ಸ್ವಲ್ಪ ಹೆಚ್ಚು ಹೊತ್ತು ದಿಟ್ಟಿಸಿದರೆ ಅದರಲ್ಲಿ ಏನು ಬಿದ್ದಿದೆಯೋ ಎಂದು ಅನುಮಾನ. ದಿಟ್ಟಿಸದೆ ಸುಮ್ಮನೆ ಉಂಡು ಎದ್ದರೆ, ಇವನು ಎದುರಿನ ಹೋಟೆಲಿನವರು ಕಳಿಸಿದ ಗೂಢಚಾರನಿರಬೇಕು ಎಂದು ಅನುಮಾನ. ಲೋಕಲ್ ಗಾಡಿ ಸರಿಯಾದ ಸಮಯಕ್ಕೆ ಬಂದರೆ ಎಲ್ಲರೂ ಖುಷಿಯಿಂದ ಹತ್ತುತ್ತಾರೆ. ನಾನು ಮಾತ್ರ, ಇದು ಹಿಂದಿನ ಗಾಡಿಯೇ ತಡವಾಗಿ ಬಂದದ್ದಿರಬೇಕೆಂದು ಬೋರ್ಡು ಓದುತ್ತಾ ನಿಂತು ಅದನ್ನು ತಪ್ಪಿಸಿಕೊಳ್ಳುತ್ತೇನೆ. ನಾನು ಕೇಳದೆಯೇ ಹೆಂಡತಿ ವಸಂತಿ ಎರಡನೆಯ ಸಲ ಚಹಾ ತಂದಿಟ್ಟರೆ, ಕುಡಿಯುವ ಮೊದಲು ಅವಳ ತಮ್ಮ ಊರಿನಿಂದ ಬರುತ್ತಿದ್ದಾನೆಯೇ ಎಂದು ವಿಚಾರಿಸುತ್ತೇನೆ. ಸಾಮಾನ್ಯವಾಗಿ ಬರುತ್ತಿರುತ್ತಾನೆ.

ಇಂಥ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದ್ದ ಒಂದು ಅನುಮಾನ ಸೂಪರ್ ಹೀರೋಗಳ ಬಟ್ಟೆಯದು. ನನ್ನ ಮಗಳು ನಿಧಿ ಅಂಧೇರಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ರಜೆಯ ದಿನ ಅವಳು ಟಿವಿಯಲ್ಲಿ ಇಂಥ ಸಿನಿಮಾ ಹಾಕಿದರೆ ನಾನೂ ಪಕ್ಕದಲ್ಲಿ ಕೂತು ನೋಡುತ್ತೇನೆ. ಗಂಡು ಹೀರೋ ನೋಡಿ, ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಬಟ್ಟೆ, ಕೈಗೆ ಗವಸು, ಮುಖಕ್ಕೆ ಮುಸುಕು. ಇಷ್ಟೆಲ್ಲ ಹೊಲಿದ ಮೇಲೂ ಮಿಕ್ಕಿದ್ದನ್ನು ಬೆನ್ನ ಹಿಂದೆ ಕೇಪ್ ಎಂದು ಹಾರಲು ಬಿಟ್ಟಿರುತ್ತಾನೆ. ಅದೇ ಬೆಂಕಿ, ಅದೇ ಹಿಮ, ಅದೇ ಗುಂಡಿನ ಮಳೆಯಲ್ಲಿ ಪಕ್ಕದಲ್ಲೇ ಹೋರಾಡುವ ಹೆಣ್ಣು ಹೀರೋಗೆ ಮಾತ್ರ ನಮ್ಮ ಹೋಟೆಲಿನ ಟೇಬಲ್ ಒರೆಸುವಷ್ಟು ಬಟ್ಟೆ. ಗಂಡಸು ಎದೆ ತೋರಿಸುವುದಿಲ್ಲವೇ ಎಂದು ನೀವು ಕೇಳಬಹುದು. ತೋರಿಸುತ್ತಾನೆ. ಆದರೆ ಅವನ ಅಂಗಿ ಹರಿಯುವುದು ಅರ್ಧ ಊರನ್ನು ಕಾಪಾಡಿದ ಮೇಲೆ. ಅವಳದು ಮನೆಯಿಂದ ಹೊರಡುವಾಗಲೇ ಹರಿದಿರುತ್ತದೆ. ಟೈಲರುಗಳ ಕೈಯಲ್ಲಿ ಸಾಕಷ್ಟು ಬಟ್ಟೆ ಕಳೆದುಕೊಂಡ ನನಗೆ ಇದರಲ್ಲಿ ಯಾರೋ ಕೈಯಾಡಿಸಿದ್ದಾರೆ ಎನ್ನುವುದು ಖಾತ್ರಿಯಾಗಿತ್ತು. ವಸಂತಿಯ ಚಿಂತೆ ಬೇರೆಯೇ. "ಅಲ್ಲ, ಕೂದಲು ಬಿಟ್ಟುಕೊಂಡು ಯಾರು ಹೊಡೆದಾಡ್ತಾರೆ? ನಾನು ಚಪಾತಿ ಲಟ್ಟಿಸ್ಲಿಕ್ಕೂ ಜುಟ್ಟು ಕಟ್ತೇನೆ. ಆ ಹೀಲ್ಸ್ ಹಾಕ್ಕೊಂಡು ಒಮ್ಮೆ ದಾದರ್ ಸ್ಟೇಷನ್ನಿನ ಬ್ರಿಡ್ಜ್ ಹತ್ತಿ ತೋರಿಸಲಿ ನೋಡುವ," ಎನ್ನುತ್ತಾಳೆ.

ಹೀಗೆ ಟಿವಿಯೊಳಗೆ ಇರಬೇಕಾಗಿದ್ದ ಅನುಮಾನ ನಮ್ಮ ಮನೆಯೊಳಗೆ ನುಗ್ಗಿದ್ದು ಉಪನಗರದ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಿಂದ. ಅಧ್ಯಕ್ಷರಾದ ವಾಮನಣ್ಣ ಈ ಸಲ ಯುವಕರಿಗಾಗಿ ಒಂದು ಕಿರುನಾಟಕ ಬರೆದಿದ್ದರು. ಮುಂಬಯಿಯನ್ನು ನುಂಗಲು ಬರುವ ಪ್ಲಾಸ್ಟಿಕಾಸುರನನ್ನು ಸಿಡಿಲಣ್ಣ, ಮಿಂಚಕ್ಕ ಎಂಬ ಇಬ್ಬರು ಸೂಪರ್ ಹೀರೋಗಳು ಹೊಡೆದೋಡಿಸುವ ಕಥೆ. ಸಿಡಿಲಣ್ಣನ ಪಾತ್ರ ನನಗೆ ಬಂತು. ಗಾಬರಿಯಾಗಬೇಡಿ, ನಮ್ಮ ಸಂಘದಲ್ಲಿ ಯುವಕ ಎಂದರೆ ಮಂಡಿನೋವಿಲ್ಲದವನು ಎಂದರ್ಥ. ಮಿಂಚಕ್ಕನಾಗಲು ನಿಧಿ ಒಪ್ಪಿದಳು. ಅವಳು ಒಪ್ಪಿದ್ದು ನನಗೆ ಎಷ್ಟು ದೊಡ್ಡ ಸಂಗತಿಯೆಂದು ಹೇಗೆ ಹೇಳಲಿ? ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ ಅವಳು. ಸಂಘದ ಕಾರ್ಯಕ್ರಮವೆಂದರೆ ಬೋರ್ ಎಂದು ದೂರ ಉಳಿದವಳು. ಅಂಥವಳು ನಾಲ್ಕು ಜನರ ಮುಂದೆ ಕನ್ನಡ ಮಾತಾಡುತ್ತಾಳೆಂದರೆ, ಆ ನಾಟಕ ಹೇಗಾದರೂ ನಡೆಯಲೇಬೇಕೆಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ.

ವೇಷಭೂಷಣ ತರಲು ದಾದರಿನ ಬಾಡಿಗೆ ಅಂಗಡಿಗೆ ಹೋದವನೂ ನಾನೇ. ಸಿಡಿಲಣ್ಣನಿಗೆಂದು ಅಂಗಡಿಯವನು ತೆಗೆದುಕೊಟ್ಟದ್ದು ಎರಡು ಕೈಯಲ್ಲಿ ಹೊರಬೇಕಾದ ನೀಲಿ ಸೂಟು. ಒಳಗೆ ಸ್ಪಂಜು ತುಂಬಿ ಎದೆ, ತೋಳು, ಹೊಟ್ಟೆಯ ಗಂಟುಗಳನ್ನೆಲ್ಲ ಅವರೇ ಮಾಡಿಟ್ಟಿದ್ದರು. ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಾಗ ನನ್ನ ಹೊಟ್ಟೆ ನಾಪತ್ತೆಯಾಗಿತ್ತು. ಹೇಳಲು ನಾಚಿಕೆಯೇನು, ತೆಗೆಯಲು ಮನಸ್ಸೇ ಬರಲಿಲ್ಲ. ಮಿಂಚಕ್ಕನ ಸೆಟ್ಟು ಮಾತ್ರ ಕರವಸ್ತ್ರ ಮಾರುವಂಥ ಚಿಕ್ಕ ಕವರಿನಲ್ಲಿ ಬಂತು. "ಬಾಕಿ ಕಿಧರ್ ಹೈ?" ಎಂದೆ. "ಪೂರ್ಣ ಸೆಟ್ ಆಹೇ, ಸಾಹೇಬ್. ಲೇಡೀಜ್ ಕಾ ಐಸಾಹೀ ಆತಾ ಹೈ," ಎಂದ. ಹೆಂಗಸರದ್ದು ಬರುವುದೇ ಇಷ್ಟು ಎಂದರೆ ನನಗೆ ನಂಬಿಕೆ ಬರಲಿಲ್ಲ. ಉಳಿದದ್ದನ್ನು ಬೇರೆ ಗಿರಾಕಿಗೆ ಕೊಟ್ಟಿರಬೇಕೆಂದು ಕೌಂಟರಿನ ಕೆಳಗೂ ಬಗ್ಗಿ ನೋಡಿದೆ. ಅಲ್ಲಿ ರಾಕ್ಷಸರ ಎರಡು ತಲೆ ಮಾತ್ರ ಇದ್ದವು.

ಮನೆಯಲ್ಲಿ ನಿಧಿ ಕವರು ಬಿಚ್ಚಿ, ತಿರುಗಿಸಿ ಮುರುಗಿಸಿ ನೋಡಿ, ಮಡಿಚಿ ಮೇಜಿನ ಮೇಲಿಟ್ಟಳು. "ಪಪ್ಪಾ, ಇದು ನಾನು ಹಾಕೋದಿಲ್ಲ."

"ನಾನೂ ಅದನ್ನೇ ಹೇಳ್ಬೇಕಂತ ಇದ್ದೆ ಮಗಾ. ಹುಡುಗಿಯರು ಹೀಗೆಲ್ಲ..."

"ನೋ, ಅದಲ್ಲ. ನಾನು ಶಾರ್ಟ್ಸ್ ಹಾಕ್ತೇನೆ, ಸ್ಲೀವ್‌ಲೆಸ್ ಹಾಕ್ತೇನೆ, ವೋ ಮೇರೀ ಮರ್ಜಿ. ಇದು ಯಾರ ಮರ್ಜಿ? ನಿಮಗೆ ಮಸಲ್ ಕೂಡ ಫ್ರೀ ಕೊಟ್ಟಿದ್ದಾರೆ, ನನಗೆ ತೋಳು ಕೂಡ ಕೊಟ್ಟಿಲ್ಲ. ಇದನ್ನೇ ಹಾಕ್ಬೇಕಂದ್ರೆ ನಾನು ನಾಟಕಕ್ಕೆ ಬರೋದಿಲ್ಲ."

ಸಿಟ್ಟಿನಲ್ಲೂ ಅವಳು ಅಷ್ಟು ಹೊತ್ತು ಹೆಚ್ಚುಕಡಿಮೆ ಕನ್ನಡವನ್ನೇ ಆಡಿದ್ದಳು. ಇದು ಕೈತಪ್ಪಿದರೆ ಮತ್ತೆ ಅವಳು ಸಂಘದ ಮೆಟ್ಟಿಲು ಹತ್ತುವವಳಲ್ಲ. ಅವಳನ್ನೇ ಕರೆದುಕೊಂಡು ಸಮಿತಿಯ ಸಭೆಗೆ ಹೋದೆ. ಅಲ್ಲಿ ನಾನು ಮಾಡಿದ ಭಾಷಣ ನಿಜಕ್ಕೂ ಚೆನ್ನಾಗಿತ್ತು. ಗಂಡಿಗೊಂದು ಅಳತೆ ಹೆಣ್ಣಿಗೊಂದು ಅಳತೆ ಮಾಡುವ ಈ ಅನ್ಯಾಯ ಎಲ್ಲಿಯವರೆಗೆ ಎಂದು ಮೇಜು ಗುದ್ದಿದೆ. ಚಹಾದ ಲೋಟಗಳು ನಡುಗಿದವು.

ವಾಮನಣ್ಣ ಶಾಂತವಾಗಿ ಕೇಳಿಸಿಕೊಂಡರು. ಅವರು ಊರಿನಲ್ಲಿದ್ದಾಗ ಯಕ್ಷಗಾನದ ಮೇಳದಲ್ಲಿ ಸ್ತ್ರೀವೇಷ ಮಾಡುತ್ತಿದ್ದವರು. ಹಾಗಾಗಿ ಗಂಡಸರೇ ತುಂಬಿರುವ ನಮ್ಮ ಸಮಿತಿಯಲ್ಲಿ ಹೆಂಗಸರ ವಿಷಯ ಬಂದಾಗಲೆಲ್ಲ ಅವರ ಮಾತೇ ಕೊನೆಯ ಮಾತು. "ಹೆಂಗಸರ ಕಷ್ಟ ನನಗೆ ಗೊತ್ತುಂಟು ಮಾರಾಯ್ರೆ," ಎಂದರು. "ಒಂದು ಶಾಲು ಪಿನ್ ಮಾಡಿ, ಕೆಳಗೊಂದು ಚೂಡಿದಾರದ ಪ್ಯಾಂಟು ಹಾಕಿದ್ರೆ ಆಯ್ತು. ಅದಕ್ಕೆ ಎಂತ ಗಲಾಟೆ?"

ನಿಧಿ ಎದ್ದು ನಿಂತಳು. "ಅಂಕಲ್, ನೀವು ಸೀರೆ ಉಟ್ಟಾಗ ಯಾರಾದ್ರೂ ಕೇಳಿದ್ರಾ, ಗಂಡಸು ಯಾಕೆ ಇದು ಹಾಕಿದ್ದು ಅಂತ?"

"ಛೆ ಛೆ, ಯಾಕೆ ಕೇಳ್ತಾರೆ? ವೇಷ ಅಂದ್ರೆ ವೇಷ ಮಗಾ. ಯಾರು ಕಟ್ಟಿದ್ರೂ ವೇಷವೇ. ಹೋದ ವರ್ಷ ನನ್ನ ಹೆಂಡತಿಯೇ ಮೀಸೆ ಕಟ್ಟಿ ರಾಕ್ಷಸ ಆಗ್ಲಿಲ್ವಾ?"

"ಹಾಗಾದ್ರೆ ಸಿಡಿಲಣ್ಣನ ವೇಷ ನಾನು ಕಟ್ತೇನೆ."

ವಾಮನಣ್ಣ ಬಾಯಿ ತೆರೆದರು. ಒಂದು ಜನ್ಮವಿಡೀ ತಾವೇ ಪಾಲಿಸಿಕೊಂಡು ಬಂದ ನಿಯಮವನ್ನು ಒಬ್ಬ ಹುಡುಗಿಯ ಎದುರು ಮುರಿಯಲಾಗದೆ ಮುಚ್ಚಿದರು. "ಆಯ್ತು. ಹಾಗಾದ್ರೆ ಮಿಂಚಕ್ಕ ಯಾರು?" ಎಂದು ಯಾರೋ ಕೇಳಿದರು. ಇಡೀ ಸಮಿತಿ ನನ್ನ ಕಡೆ ತಿರುಗಿತು. ಈಗಷ್ಟೇ ಮೇಜು ಗುದ್ದಿದ ಕೈಯನ್ನು ನಾನು ಮೆಲ್ಲಗೆ ಕೆಳಗಿಳಿಸಿದೆ. ವಾಮನಣ್ಣ ನನ್ನನ್ನು ಅಡಿಯಿಂದ ಮುಡಿಯವರೆಗೆ ಪಳಗಿದ ಕಣ್ಣಿನಿಂದ ಅಳೆದು, "ಸೊಂಟದ ಹತ್ತಿರ ಸ್ವಲ್ಪ ಬಿಡಿಸ್ಬೇಕಾದೀತು," ಎಂದರು.

ಇದು ತಾಯಿ ಮಗಳು ಸೇರಿ ಮೊದಲೇ ಮಾಡಿದ ಸಂಚು ಎಂದು ನನಗೆ ಈಗಲೂ ಅನುಮಾನವಿದೆ. ನಾವು ಮನೆಗೆ ಬಂದಾಗ ವಸಂತಿ ಟೇಪು ಹಿಡಿದುಕೊಂಡೇ ಬಾಗಿಲು ತೆರೆದಳು. ವೇಷ ಬದಲಾದಂತೆ ಮಾತುಗಳೂ ಬದಲಾದವು. ಆಗಲೇ ಗಮನಕ್ಕೆ ಬಂದದ್ದು, ಮಿಂಚಕ್ಕನಿಗೆ ಬಟ್ಟೆಯ ಹಾಗೆ ಮಾತನ್ನೂ ಕತ್ತರಿಸಿಯೇ ಕೊಟ್ಟಿದ್ದರು. "ಅಣ್ಣಾ, ಹುಷಾರು!" ಎನ್ನುವುದು ಬಿಟ್ಟರೆ ಅವಳಿಗೆ ಹೆಚ್ಚಿನದೇನೂ ಇರಲಿಲ್ಲ. ಸಿಡಿಲಣ್ಣನ ಉದ್ದುದ್ದ ಮಾತುಗಳು ಈಗ ನಿಧಿಯ ಪಾಲಿಗೆ ಬಂದವು. ದಿನಾ ಸಂಜೆ ಅವಳು ನನ್ನ ಮುಂದೆ ಕೂತು, ಒತ್ತಕ್ಷರಗಳಲ್ಲಿ ಎಡವುತ್ತಾ, "ಎಲವೋ ಪ್ಲಾಸ್ಟಿಕಾಸುರಾ, ಈ ಸಮುದ್ರ ನಿನ್ನಪ್ಪನದಲ್ಲ!" ಎಂದು ಕೂಗುವಾಗ ನಾನು ಇನ್ನೊಮ್ಮೆ, ಇನ್ನೊಮ್ಮೆ ಎಂದು ಹೇಳಿಸುತ್ತಿದ್ದೆ. ಈ ಮಗುವಿನ ಕನ್ನಡಕ್ಕಾಗಿ ಮಿಂಚಕ್ಕನ ಬಟ್ಟೆಯೇನು, ಅದಕ್ಕಿಂತ ಚಿಕ್ಕದನ್ನು ಕೊಟ್ಟರೂ ಹಾಕಿಕೊಳ್ಳುತ್ತೇನೆ ಅನ್ನಿಸಿತು. ಅದಕ್ಕಿಂತ ಚಿಕ್ಕದು ಇರಲಿಲ್ಲ ಎನ್ನುವುದು ಬೇರೆ ಮಾತು.

ವಾರ್ಷಿಕೋತ್ಸವದ ಸಂಜೆ, ನಮ್ಮ ಬಿಲ್ಡಿಂಗಿನ ಹಿಂದಿನ ಶಾಲೆಯ ಸಭಾಭವನದಲ್ಲಿ ಪರದೆ ಸರಿಯಿತು. ನನ್ನನ್ನು ಕಂಡದ್ದೇ ತಡ, ಜನ ಬಿದ್ದು ಬಿದ್ದು ನಕ್ಕರು. ಹಿಂದಿನ ಸಾಲಿನಿಂದ ಶಿಳ್ಳೆ ಬಂತು. ನನಗಿದ್ದ ದೊಡ್ಡ ಅನುಮಾನ ರಂಗದ ಮೇಲೆಯೇ ಪರಿಹಾರವಾಯಿತು. ಆ ಬಟ್ಟೆಯಲ್ಲಿ ಯಾರನ್ನೂ ಕಾಪಾಡಲು ಸಾಧ್ಯವಿಲ್ಲ. ಎರಡೂ ಕೈಗೆ ಬೇರೆಯೇ ಕೆಲಸವಿರುತ್ತದೆ. ಒಂದು ಕೈ ಮೇಲಿನದನ್ನು ಮೇಲಕ್ಕೆಳೆಯಬೇಕು, ಇನ್ನೊಂದು ಕೆಳಗಿನದನ್ನು ಕೆಳಕ್ಕೆಳೆಯಬೇಕು. ಪ್ಲಾಸ್ಟಿಕಾಸುರ ಒಳ್ಳೆಯವನು, ನನ್ನ ಎಳೆದಾಟ ಮುಗಿಯುವವರೆಗೆ ಗದೆ ಎತ್ತಿ ಹಿಡಿದು ಕಾದ. ಅಷ್ಟರಲ್ಲಿ ನಿಧಿ ಮುಂದೆ ಬಂದಳು. ಸಮುದ್ರದ ಮಾತು ಹೇಳಿದಳು. ಒಂದಕ್ಷರ ತಪ್ಪಲಿಲ್ಲ. ಸಭೆ ನಗು ನಿಲ್ಲಿಸಿ ಕೇಳಿತು, ಆಮೇಲೆ ಜೋರಾಗಿ ಚಪ್ಪಾಳೆ ತಟ್ಟಿತು. "ಅಣ್ಣಾ, ಹುಷಾರು!" ಎನ್ನುವ ನನ್ನ ಒಂದೇ ಒಂದು ಮಾತನ್ನು ನಾನು ಮರೆತೇಬಿಟ್ಟಿದ್ದೆ.

ನಾಟಕ ಮುಗಿದ ಮೇಲೆ ನನ್ನ ಸುತ್ತ ಜನವೋ ಜನ. "ಎಂತ ಧೈರ್ಯ ಮಾರಾಯ್ರೆ ನಿಮ್ದು!" ಎಂದು ಬೆನ್ನು ತಟ್ಟಿದರು, ಸೆಲ್ಫಿ ತೆಗೆದರು. ನನ್ನ ಬತ್ತಲೆ ಮಂಡಿಯ ಬಗ್ಗೆಯಾಗಲಿ ಭುಜದ ಬಗ್ಗೆಯಾಗಲಿ ಯಾರಿಗೂ ತಕರಾರಿರಲಿಲ್ಲ. ವಾಮನಣ್ಣ ನಿಧಿಯ ತಲೆ ಸವರಿ, "ಚೆಂದ ಮಾತಾಡಿದಿ ಮಗಾ," ಎಂದರು. ಆಮೇಲೆ ದನಿ ತಗ್ಗಿಸಿ, "ಡ್ರೆಸ್ಸು ಮಾತ್ರ ಸ್ವಲ್ಪ ಟೈಟ್ ಕಾಣ್ತಿತ್ತು ಅಂತ ಲೇಡೀಸೆಲ್ಲ ಹೇಳ್ತಿದ್ರು," ಎಂದರು. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಮುಚ್ಚಿಕೊಂಡು, ಕೈಗೆ ಗವಸು ಹಾಕಿ, ಮುಸುಕಿನೊಳಗೆ ಬೆವರುತ್ತಿದ್ದ ಮಗಳು ತನ್ನನ್ನೇ ಒಮ್ಮೆ ಬಗ್ಗಿ ನೋಡಿಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು. ಹೇಳಿದ ಲೇಡೀಸ್ ಯಾರು, ನಿಜವಾಗಿಯೂ ಯಾರಾದರೂ ಹೇಳಿದ್ದರೇ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ಮೈಕಿನ ಕಡೆ ನಡೆದಿದ್ದರು. ಇದು ಬಟ್ಟೆಯ ಅಳತೆಯ ಪ್ರಶ್ನೆಯೇ ಅಲ್ಲ, ಇವರೆಲ್ಲರ ಕಣ್ಣಿನಲ್ಲೇ ಏನೋ ಇದೆ ಎಂಬ ಹೊಸ ಅನುಮಾನ ನನಗೆ ಶುರುವಾಯಿತು.

ಬಟ್ಟೆ ಬದಲಿಸುವ ಕೋಣೆಯನ್ನು ಮುಂದಿನ ನೃತ್ಯದ ತಂಡ ಹಿಡಿದಿತ್ತು. ಮನೆ ಹಿಂದಿನ ಗಲ್ಲಿಯಲ್ಲೇ ಇದ್ದದ್ದರಿಂದ ನಾನೂ ನಿಧಿಯೂ ವೇಷದಲ್ಲೇ ಹೊರಟೆವು. ನಾನು ವಾಮನಣ್ಣನನ್ನೂ ಅವರ ಸಮಿತಿಯನ್ನೂ, ಇಂಥವರ ಕಣ್ಣನ್ನೂ ಬೈಯುತ್ತಲೇ ಗೇಟಿನವರೆಗೆ ಬಂದೆ. ಗೇಟಿನ ಹೊರಗೆ ಪಾನ್ ಅಂಗಡಿಯ ಮುಂದೆ ನಾಲ್ಕೈದು ಜನ ನಿಂತಿದ್ದರು. ಅವರು ಇತ್ತ ತಿರುಗಿದರು.

"ನಿಧಿ, ಮೇಲೆ ಏನಾದ್ರೂ ಹೊದ್ಕೋ ಮಗಾ. ಜನ ನೋಡ್ತಾರೆ."

ನಿಧಿ ನಿಂತುಬಿಟ್ಟಳು. ಮುಸುಕು ಮೇಲೆ ಸರಿಸಿ, ನನ್ನ ಬರಿಯ ಭುಜಗಳನ್ನು ನೋಡಿದಳು, ಮಂಡಿಗಳನ್ನು ನೋಡಿದಳು, ಕೊನೆಗೆ ಮುಖವನ್ನು ನೋಡಿದಳು. ಇಂಥ ಮಾತು ಆಡಿದವನು ಯಾವನಪ್ಪಾ ಎಂದು ನಾನು ಅನುಮಾನದಿಂದ ಹಿಂದೆ ತಿರುಗಿದೆ. ಹಿಂದೆ ಯಾರೂ ಇರಲಿಲ್ಲ.