ಒಂದು ವರ್ಷದ ರಜಾ ಅರ್ಜಿ

ಅವಳ ಹತ್ತಿರ ಕಾರಣ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಹನ್ನೆರಡನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ವಿಭಾಗದ ಸೀಟು ಸಿಕ್ಕಿತ್ತು. ಆ ಸೀಟನ್ನು ಹಾಗೇ ಇಟ್ಟುಕೊಂಡು ಒಂದು ವರ್ಷ ತಡವಾಗಿ ಸೇರಬಹುದು ಎಂಬ ಹೊಸ ನಿಯಮ ಬಂದಿತ್ತು. ಅದಕ್ಕೊಂದು ಫಾರಂ, ಫಾರಂ ಕೊಡಲು ಆ ದಿನ ಸಂಜೆ ಐದರವರೆಗೆ ಸಮಯ. ಆ ವರ್ಷ ಏನು ಮಾಡಬೇಕೆಂಬುದೂ ಗೊತ್ತಿತ್ತು. ಅವರ ಕಟ್ಟಡದ ಲಿಫ್ಟ್ ರಿಪೇರಿಗೆ ಬರುವ ಮೇಸ್ತ್ರಿ, "ಒಂದನೇ ತಾರೀಖಿಂದ ಬಾ ಮರಿ. ಒಬ್ಬರಿಗೆ ಜಾಗ ಇದೆ" ಎಂದಿದ್ದ.

ಎರಡು ವರ್ಷದಿಂದ ಲಿಫ್ಟ್ ಕೆಟ್ಟಾಗಲೆಲ್ಲ ಅವಳು ಅವನ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಮೊದಲು ಟಾರ್ಚ್ ಹಿಡಿದಳು, ಆಮೇಲೆ ಬೋಲ್ಟ್ ಬಿಗಿದಳು. ಅವನು ಅವಳಿಗೊಂದು ಹನ್ನೆರಡು ನಂಬರ್ ಸ್ಪ್ಯಾನರ್ ಕೊಟ್ಟಿದ್ದ. ಕಟ್ಟಡದವರು ಅವಳಿಗೆ ಸ್ಪ್ಯಾನರ್ ಎಂದೇ ಹೆಸರಿಟ್ಟಿದ್ದರು. ಹೆಮ್ಮೆಯಿಂದ ಇಟ್ಟ ಹೆಸರಲ್ಲ.

ಫಾರಮ್ಮಿನ ಏಳನೆಯ ಕಾಲಮ್ಮಿನಲ್ಲಿ 'ತಡವಾಗಿ ಸೇರಲು ಕಾರಣ' ಎಂದು ಅಚ್ಚಾಗಿತ್ತು. ಅದರ ಮುಂದಿನ ಖಾಲಿ ಗೆರೆಯಲ್ಲಿ ಅವಳು ಪೆನ್ಸಿಲಿನಿಂದ 'ನನ್ನ ಇಷ್ಟ' ಎಂದು ಬರೆದಿದ್ದಳು.

ಅಪ್ಪ ಅದನ್ನು ಕನ್ನಡಕ ಹಾಕಿಕೊಂಡು ಓದಿದ. ಕನ್ನಡಕ ತೆಗೆದು ಇನ್ನೊಮ್ಮೆ ಓದಿದ.

"ಏನಮ್ಮ ಇದು?"

"ಕಾರಣ."

"ಇಷ್ಟ ಅನ್ನೋದು ಕಾರಣ ಹೇಗಾಗುತ್ತೆ?"

ಅಪ್ಪ ನೀರು ಸರಬರಾಜು ಕಚೇರಿಯ ರಜಾ ವಿಭಾಗದಲ್ಲಿ ಗುಮಾಸ್ತ. ಆ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಒಬ್ಬರೂ ನಿಜವಾದ ಕಾರಣಕ್ಕೆ ರಜೆ ಪಡೆದಿರಲಿಲ್ಲ. ಮೂರು ದಿನಕ್ಕೆ ಜ್ವರ, ಹತ್ತು ದಿನಕ್ಕೆ ಟೈಫಾಯ್ಡ್, ತಿಂಗಳಿಗೆ ಕಾಮಾಲೆ. ಒಮ್ಮೆ ಹೊಸದಾಗಿ ಸೇರಿದವನೊಬ್ಬ 'ಸಮುದ್ರ ನೋಡಬೇಕು' ಎಂದು ಬರೆದುಕೊಟ್ಟಿದ್ದ. ಅಪ್ಪ ಆ ಅರ್ಜಿಯನ್ನು ಹರಿದುಹಾಕಿ, ಕಾಮಾಲೆ ಎಂದು ಬರೆಸಿ, ಅವನನ್ನು ಸಮುದ್ರಕ್ಕೆ ಕಳಿಸಿಕೊಟ್ಟಿದ್ದ. ತಾನು ಜೀವನದಲ್ಲಿ ಮಾಡಿದ ದೊಡ್ಡ ಉಪಕಾರಗಳಲ್ಲಿ ಅದೂ ಒಂದು ಎಂದು ಈಗಲೂ ಹೇಳಿಕೊಳ್ಳುತ್ತಿದ್ದ. ಈ ಫಾರಮ್ಮಿನ ನಕಲನ್ನು ಕಚೇರಿಯಿಂದ ತೆಗೆಸಿ ತಂದವನೂ ಅವನೇ. ಮುಂಭಾಗ ಮಾತ್ರ ತಂದಿದ್ದ. ಹಿಂಭಾಗದಲ್ಲಿ ಬರೀ ನಿಯಮ ಇರುತ್ತೆ, ಅದನ್ನ ಯಾರು ಓದ್ತಾರೆ ಎಂದಿದ್ದ.

"ನಾನು ರಜೆ ಕೇಳ್ತಿಲ್ಲ ಅಪ್ಪ. ಕೆಲಸಕ್ಕೆ ಹೋಗ್ತಿದೀನಿ."

"ಓದೋದು ಬಿಟ್ಟು ಮಾಡೋದೆಲ್ಲ ರಜೆನೇ. ಸಹಿ ಹಾಕಲ್ಲ ಅಂದ್ನಾ ನಾನು? ಹಾಕ್ತೀನಿ. ಇದರ ಕೆಳಗೆ ಮಾತ್ರ ಹಾಕಲ್ಲ. ಆ ಕಡೆ ಕೂತಿರೋ ಗುಮಾಸ್ತ ಇದನ್ನ ಓದಿ ನಗ್ತಾನೆ. ಅವನು ನಗೋದು ನಿನ್ನ ನೋಡಿ ಅಲ್ಲ, ನನ್ನ ಸಹಿ ನೋಡಿ."

ಅವಳಿಗೆ ಮೈಯೆಲ್ಲ ಉರಿಯಿತು. "ಮೇಲಿನ ಮನೆ ಹುಡುಗ ಯಾವ ಕಾರಣ ಬರೆದುಕೊಟ್ಟು ಬಂದಿದಾನೆ?"

ನಾಲ್ಕನೆಯ ಮಹಡಿಯ ಒಂದು ಕೋಣೆಯಲ್ಲಿ ಹೊರದೇಶದ ಹುಡುಗನೊಬ್ಬ ಮೂರು ತಿಂಗಳಿಂದ ಬಾಡಿಗೆಗಿದ್ದ. ಅವನೂ ಶಾಲೆ ಮುಗಿಸಿ, ವಿಶ್ವವಿದ್ಯಾಲಯಕ್ಕೆ ಸೇರುವ ಮೊದಲು ಒಂದು ವರ್ಷ ಬಿಡುವು ಮಾಡಿಕೊಂಡು ಬಂದವನೇ. ಹತ್ತು ಗಂಟೆಗೆ ಏಳುತ್ತಿದ್ದ, ತಾರಸಿಯ ಮೇಲೆ ಅಂಗಾತ ಮಲಗಿ ಮೋಡ ನೋಡುತ್ತಿದ್ದ. ಅವನನ್ನು ಕಂಡರೆ ಇಡೀ ಕಟ್ಟಡಕ್ಕೆ ಪ್ರೀತಿ. ಪಕ್ಕದ ಮನೆಯ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ದಿನಾ ಮಧ್ಯಾಹ್ನ ಅವನಿಗೆ ಊಟ ಕಳಿಸುತ್ತಿದ್ದಳು. ಲೋಕ ತಿಳಿಯೋಕೆ ಬಂದಿರೋ ಮಗು ಎನ್ನುತ್ತಿದ್ದಳು. ಅದೇ ದೊಡ್ಡಮ್ಮ, ಹುಡುಗಿ ಒಂದು ವರ್ಷ ತಡವಾಗಿ ಸೇರುತ್ತಾಳೆ ಎಂದು ಕೇಳಿದ ಕೂಡಲೇ ಎರಡು ಪ್ರಶ್ನೆ ಹಾಕಿದ್ದಳು. "ಫೇಲಾ?" ಎಂಬುದು ಒಂದು. "ಯಾರೇ ಅವನು?" ಎಂಬುದು ಇನ್ನೊಂದು.

"ಅವರದು ಬೇರೆ," ಎಂದ ಅಪ್ಪ. "ಅವರಲ್ಲಿ ಅದು ಪದ್ಧತಿ."

"ನಮ್ಮಲ್ಲಿ?"

"ನಮ್ಮಲ್ಲಿ ಅದು ರೋಗ."

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಅಪ್ಪನ ಮುಖ ಅರಳಿತು. ದಾರಿ ಸಿಕ್ಕಿತ್ತು.

ಆ ಬೆಳಿಗ್ಗೆ ಲಿಫ್ಟ್ ಎರಡನೆಯ ಮತ್ತು ಮೂರನೆಯ ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಮೇಸ್ತ್ರಿ ಮಧ್ಯಾಹ್ನದ ಮೇಲೆ ಬರುವವನಿದ್ದ. ಹೀಗಾಗಿ ಮೆಟ್ಟಿಲು ಹತ್ತುವವರೆಲ್ಲ ಎರಡನೆಯ ಮಹಡಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ಸುಧಾರಿಸಿಕೊಳ್ಳಲು ಇವರ ಬಾಗಿಲಲ್ಲೇ ನಿಲ್ಲುತ್ತಿದ್ದರು. ನಿಂತವರು ಒಳಗಿನ ಮಾತು ಕೇಳುತ್ತಿದ್ದರು, ಕೇಳಿದವರು ಒಳಗೆ ಬರುತ್ತಿದ್ದರು. ಹನ್ನೊಂದು ಗಂಟೆಗೆ ಮೂರನೆಯ ಮಹಡಿಯ ನಿವೃತ್ತ ಹೆಡ್‌ಮೇಷ್ಟ್ರು ಪತ್ರಿಕೆ ಮಡಚಿಕೊಂಡು ಸೋಫಾದಲ್ಲಿ ಕೂತಿದ್ದರು. ಕೆಳಗಿನ ಕ್ಲಿನಿಕ್ಕಿನ ಕಾಂಪೌಂಡರ್ ಬಾಗಿಲಿಗೆ ಒರಗಿದ್ದ. ದೊಡ್ಡಮ್ಮ ಕರೆಯದೆಯೇ ಬಂದು ಕುರ್ಚಿ ಎಳೆದುಕೊಂಡಿದ್ದಳು.

"ಒಂದು ವರ್ಷಕ್ಕೆ ಕಾಮಾಲೆ ಸಾಲಲ್ಲ," ಎಂದ ಅಪ್ಪ, ಅಳತೆ ಪಟ್ಟಿ ಹಿಡಿದ ದರ್ಜಿಯಂತೆ.

"ಟೀಬಿ ಹಾಕಿ," ಎಂದ ಕಾಂಪೌಂಡರ್. "ಒಂಬತ್ತು ತಿಂಗಳು ಆರಾಮಾಗಿ ಹೋಗುತ್ತೆ."

"ಬಾಯಿ ತೊಳ್ಕೊಂಡು ಬಾರಯ್ಯ," ಎಂದಳು ದೊಡ್ಡಮ್ಮ. "ನಾಳೆ ಅವಳನ್ನ ಯಾರು ಮದುವೆ ಆಗ್ತಾರೆ? ಶ್ವಾಸಕೋಶ ಬೇಡ. ಚರ್ಮ ಬೇಡ. ಹೊಟ್ಟೆ ಕೆಳಗಿನ ಯಾವುದಕ್ಕೂ ಕೈ ಹಾಕಬೇಡಿ."

"ಬೆನ್ನುನೋವು?"

"ಬೆನ್ನು ಹೋದೋಳನ್ನ ಯಾರಯ್ಯ ಮನೆ ತುಂಬಿಸ್ಕೊಳ್ತಾರೆ?"

ಹೆಡ್‌ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಮನಸ್ಸಿಗೆ ಸಂಬಂಧಪಟ್ಟದ್ದು ಯಾವುದಾದ್ರೂ? ಓದಿನ ಒತ್ತಡ ಅಂತ. ಪೇಪರಲ್ಲಿ ದಿನಾ ಬರುತ್ತೆ."

"ನೇರವಾಗಿ ಹುಚ್ಚು ಅಂತಲೇ ಬರೆದುಬಿಡಿ ಮೇಷ್ಟ್ರೇ, ಒಂದೇ ಸಲಕ್ಕೆ ಮುಗೀಲಿ," ಎಂದಳು ದೊಡ್ಡಮ್ಮ.

ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿಸಿದ ಹಾಗೆ ಅವರು ಒಂದೊಂದೇ ರೋಗ ಬಿಚ್ಚಿಸಿ, ಮುಟ್ಟಿ ನೋಡಿ, ಪಕ್ಕಕ್ಕೆ ತಳ್ಳಿದರು. ಅವಳು ಗೋಡೆ ಗಡಿಯಾರ ನೋಡುತ್ತ ನಿಂತಿದ್ದಳು.

"ನನಗೇನೂ ಆಗಿಲ್ಲ," ಎಂದಳು ಹಲ್ಲು ಕಚ್ಚಿ.

"ಅದೇ ಅಲ್ವಾ ತೊಂದರೆ," ಎಂದ ಕಾಂಪೌಂಡರ್.

ಒಂದೂವರೆಗೆ ದೊಡ್ಡಮ್ಮನಿಗೇ ಹೊಳೆಯಿತು. "ತಲೆಸುತ್ತು. ಹೊರಗೆ ಕಾಣಲ್ಲ, ಅಂಟಲ್ಲ, ಮದುವೆ ಹೊತ್ತಿಗೆ ವಾಸಿ ಆಯ್ತು ಅಂದ್ರೆ ಯಾರೂ ಪರೀಕ್ಷೆ ಮಾಡಕ್ಕಾಗಲ್ಲ."

"ಕಿವಿಯೊಳಗಿನ ತಲೆಸುತ್ತು," ಎಂದು ತಿದ್ದಿದ ಕಾಂಪೌಂಡರ್. "ಎತ್ತರದಲ್ಲಿ ನಿಂತ್ರೆ ಜಾಸ್ತಿ ಆಗುತ್ತೆ ಅಂತಾನೂ ಸೇರಿಸೋಣ. ತೂಕ ಬರುತ್ತೆ."

ಅಪ್ಪ ರಬ್ಬರ್ ತೆಗೆದುಕೊಂಡು 'ನನ್ನ ಇಷ್ಟ'ವನ್ನು ಅಳಿಸಿ, ಪುಡಿಯನ್ನು ಊದಿ, ಅದರ ಮೇಲೆ ತನ್ನ ದುಂಡಕ್ಷರದಲ್ಲಿ ರೋಗವನ್ನು ಶಾಯಿಯಿಂದ ಬರೆದ. ಕೆಳಗೆ ಸಹಿ ಹಾಕಿದ. ಆ ಸಹಿಗಾಗಿಯೇ ಅವಳು ಬಾಯಿ ಮುಚ್ಚಿಕೊಂಡಿದ್ದಳು. ವರ್ಷ ಸಿಕ್ಕರೆ ಸಾಕು, ಕಾರಣ ಹಾಳಾಗಿ ಹೋಗಲಿ ಎಂದುಕೊಂಡಳು.

ಕೆಳಗೆ ಕ್ಲಿನಿಕ್ಕಿನಲ್ಲಿ ಡಾಕ್ಟರು ಸರ್ಟಿಫಿಕೇಟಿಗೆ ಸಹಿ ಹಾಕುತ್ತ, "ರೋಗಿ ಎಲ್ಲಿ?" ಎಂದು ಕೇಳಿದರು.

"ಎರಡನೇ ಮಹಡಿಲಿ, ಡಾಕ್ಟ್ರೇ. ತಲೆಸುತ್ತು, ಮೆಟ್ಟಿಲು ಇಳಿಯಕ್ಕಾಗಲ್ಲ," ಎಂದ ಕಾಂಪೌಂಡರ್. ರೋಗಿ ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದು ಅವನ ಹಿಂದೆಯೇ ನಿಂತಿದ್ದಳು. ಡಾಕ್ಟರು ತಲೆ ಎತ್ತಲಿಲ್ಲ.

ಎರಡು ಬಸ್ಸು ಬದಲಾಯಿಸಿ ಅವಳು ವಿಶ್ವವಿದ್ಯಾಲಯದ ಮೂರನೆಯ ಕೌಂಟರಿಗೆ ತಲುಪಿದಾಗ ನಾಲ್ಕು ನಲವತ್ತು. ಒಳಗಿದ್ದ ಹೆಂಗಸು ಫಾರಂ ಓದಿ, ಲೊಚಗುಟ್ಟಿ, ಸರ್ಟಿಫಿಕೇಟಿನ ಮೇಲೊಂದು, ಫಾರಮ್ಮಿನ ಮೇಲೊಂದು ಸೀಲು ಒತ್ತಿದಳು.

"ಪಾಪ. ನಿಂತ್ಕೋಬೇಡಮ್ಮ, ಕೂತ್ಕೋ. ನಿನ್ನ ಸೀಟು ಒಂದು ವರ್ಷ ಇರುತ್ತೆ. ವರ್ಷ ಮುಗಿದ ಮೇಲೆ ಮೂರು ಜನ ಡಾಕ್ಟರುಗಳ ಮುಂದೆ ಹಾಜರಾಗಬೇಕು. ಗುಣ ಆಗಿದೆ ಅಂತ ಅವರು ಬರೆದುಕೊಟ್ರೆ ಸೇರಿಸ್ಕೋತೀವಿ."

"ಎಲ್ಲರೂ ಹಾಜರಾಗಬೇಕಾ?"

"ರೋಗ ಅಂತ ಬರೆದೋರು ಮಾತ್ರ. ಕಾರಣ ಬರೀಲೇಬೇಕು ಅಂತ ಏನಿಲ್ಲ. ಖಾಲಿ ಬಿಟ್ಟಿದ್ರೂ ಕೊಡ್ತಿದ್ವಿ. ಹಿಂದುಗಡೆ ಅಚ್ಚು ಹಾಕಿಸಿದೀವಲ್ಲ." ಹೆಂಗಸು ಫಾರಂ ತಿರುಗಿಸಿ ನೋಡಿದಳು. ಹಿಂಭಾಗ ಹಾಲಿನಂತೆ ಬೆಳ್ಳಗಿತ್ತು. "ಓ, ನೀನೂ ನಕಲು ತಂದಿದೀಯಾ. ಈ ಸಲ ಮೂವತ್ತೊಂದು ಬಂದಿವೆ. ಇಪ್ಪತ್ತೆಂಟರಲ್ಲಿ ರೋಗ. ಏನಾಗಿದೆಯೋ ನಿಮ್ಮ ವಯಸ್ಸಿನೋರಿಗೆ."

"ವಾಪಸ್ ಕೊಡಿ ಮೇಡಂ. ಬೇರೆ ಬರೆದುಕೊಡ್ತೀನಿ."

"ಸೀಲು ಬಿತ್ತಲ್ಲಮ್ಮ."

ಬಸ್ಸಿನಲ್ಲಿ ಅವಳು ಕಂಬ ಹಿಡಿದು ನಿಂತೇ ಬಂದಳು. ಸೀಟು ಖಾಲಿ ಇತ್ತು, ಕೂರಲು ಆಗದಷ್ಟು ಸಿಟ್ಟು ಬಂದಿತ್ತು. ಎರಡು ಅಕ್ಷರ ಬರೆಯದೆ ಬಿಟ್ಟಿದ್ದರೂ ಆಗುತ್ತಿದ್ದ ಕೆಲಸಕ್ಕೆ ನಾಲ್ಕು ಜನ ಸೇರಿ ಇಡೀ ಬೆಳಿಗ್ಗೆ ಅವಳಿಗೊಂದು ಕಾಯಿಲೆ ಹೊಲಿದಿದ್ದರು. ಆದರೂ ವರ್ಷ ಸಿಕ್ಕಿತ್ತು. ಒಂದನೇ ತಾರೀಖಿಗೆ ನಾಲ್ಕು ದಿನ ಇತ್ತು. ಆಮೇಲೆ ದಿನವಿಡೀ ಮೋಟಾರು, ಹಗ್ಗ, ಗ್ರೀಸು. ಇವರ ಮುಖ ನೋಡಬೇಕಾಗಿಲ್ಲ.

ಕಟ್ಟಡಕ್ಕೆ ಬಂದಾಗ ಆರೂಕಾಲು. ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲು ಬಾಯಿ ತೆರೆದುಕೊಂಡಿತ್ತು. ಮೇಸ್ತ್ರಿ ಹೊಸಿಲ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಿದ್ದ. ಸುತ್ತ ಅಪ್ಪ, ಹೆಡ್‌ಮೇಷ್ಟ್ರು, ಕಾಂಪೌಂಡರ್, ದೊಡ್ಡಮ್ಮ, ಎಲ್ಲರೂ ಇದ್ದರು. ಅವಳು ನೇರವಾಗಿ ಮೇಸ್ತ್ರಿಯ ಕಡೆ ನಡೆದಳು.

"ಏ, ಏ, ಹತ್ರ ಬರಬೇಡ ಕಣೇ," ಎಂದು ದೊಡ್ಡಮ್ಮ ರಟ್ಟೆ ಹಿಡಿದಳು. "ಅಷ್ಟು ಆಳ ಇದೆ. ತಲೆ ಸುತ್ತಿ ಬಿದ್ಬಿಡ್ತೀಯ."

ಹುಡುಗಿಗೆ ನಗು ಬಂತು. ದೊಡ್ಡಮ್ಮ ನಗುತ್ತಿರಲಿಲ್ಲ. ಯಾರೂ ನಗುತ್ತಿರಲಿಲ್ಲ. ಮಧ್ಯಾಹ್ನ ಹುಟ್ಟಿದ ರೋಗ ಸಂಜೆಯ ಹೊತ್ತಿಗೆ ಆ ಕಟ್ಟಡದಲ್ಲಿ ವರ್ಷಗಳಷ್ಟು ಹಳೆಯದಾಗಿತ್ತು.

"ಚಿಕ್ಕವಳಿದ್ದಾಗಲೂ ಹಾಗೇ," ಎಂದರು ಹೆಡ್‌ಮೇಷ್ಟ್ರು. "ಉಯ್ಯಾಲೆ ಅಂದ್ರೆ ಹೆದರೋಳು."

ಮೇಸ್ತ್ರಿ ಅವಳನ್ನೇ ನೋಡಿದ. "ತಲೆಸುತ್ತು ಇದೆಯಂತೆ ನಿನಗೆ. ಎತ್ತರದಲ್ಲಿ ಜಾಸ್ತಿಯಂತೆ. ಹೇಳಲೇ ಇಲ್ವಲ್ಲ ಮರಿ."

"ಇಲ್ಲ ಅಣ್ಣ. ಸುಳ್ಳು. ಇವರೇ ಮಾಡಿದ್ದು."

"ಡಾಕ್ಟರ್ ಸಹಿ ಹಾಕಿದಾರಂತೆ."

"ಅದೂ ಸುಳ್ಳು."

"ತಗೊಂಡು ಹೋಗಿ ಕೊಟ್ಟಿದ್ದು ಯಾರು?"

"ನಾನೇ," ಎಂದಳು.

ಮೇಸ್ತ್ರಿ ಕೈ ಒರೆಸುವ ಬಟ್ಟೆಯನ್ನು ಮಡಚಿ ಮಂಡಿಯ ಮೇಲೆ ಇಟ್ಟುಕೊಂಡ. ಅವನಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಜಗಳವಾಡಬಹುದಿತ್ತು.

"ನೋಡು ಮರಿ. ನಿಜ ಆಗಿದ್ರೆ ನೀನು ಬೀಳ್ತೀಯ. ಸುಳ್ಳಾಗಿದ್ರೆ ನಾನು ಸಾಯ್ತೀನಿ. ಮೇಲೆ ನಿಂತು 'ಬ್ರೇಕ್ ಹಾಕಿದೀನಿ ಅಣ್ಣ' ಅಂತ ನೀನು ಕೂಗಿದಾಗ ಆ ಮಾತು ನಂಬಿ ಲಿಫ್ಟಿನ ಕೆಳಗೆ ತಲೆ ಹಾಕೋನು ನಾನು."

ಅವಳಿಗೆ ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು. ಯಾರನ್ನು ಎಂದು ಗೊತ್ತಾಗಲಿಲ್ಲ, ನಾಲ್ವರೂ ಅಷ್ಟು ಪ್ರೀತಿಯಿಂದ ನಿಂತಿದ್ದರು.

ಆಗ ಲಿಫ್ಟಿನ ಬಾಗಿಲ ಕೆಳಗಿನ ಗುಂಡಿಯಿಂದ ಒಂದು ತಲೆ ಮೇಲೆ ಬಂತು. ಹೊರದೇಶದ ಹುಡುಗ. ಕೆನ್ನೆಗೆ ಗ್ರೀಸು ಮೆತ್ತಿತ್ತು. ಕೈಯಲ್ಲಿ ಹನ್ನೆರಡು ನಂಬರ್ ಸ್ಪ್ಯಾನರ್.

"ಅದು ನನ್ನದು," ಎಂದಳು.

"ಮನೇಲಿ ಸುಮ್ನೆ ಬಿದ್ದಿತ್ತಲ್ಲಮ್ಮ," ಎಂದ ಅಪ್ಪ. "ಹುಡುಗ ಮಧ್ಯಾಹ್ನದಿಂದ ಬರಿಗೈಲಿ ಒದ್ದಾಡ್ತಿದ್ದ. ನಾನೇ ತಂದುಕೊಟ್ಟೆ."

"ಇರಲಿ ಬಿಡಿ ಅವನ ಹತ್ರ," ಎಂದ ಮೇಸ್ತ್ರಿ. "ಒಂದನೇ ತಾರೀಖಿಂದ ಬೇಕಾಗುತ್ತೆ ಅವನಿಗೆ."

ಹೆಡ್‌ಮೇಷ್ಟ್ರು ಬಗ್ಗಿ ಹುಡುಗನ ತಲೆ ಸವರಿದರು. "ಅಷ್ಟು ಓದಿದ ಮನೆತನದ ಹುಡುಗ, ಗುಂಡಿಗಿಳಿದು ಕೈ ಕೊಳೆ ಮಾಡ್ಕೊಂಡು ದುಡೀತಾನೆ ಅಂದ್ರೆ. ಯಾಕಪ್ಪ ಈ ಕೆಲಸ ಬೇಕು ನಿನಗೆ ಅಂತ ಕೇಳಿದೆ. ಏನಂದ ಗೊತ್ತಾ? ಇನ್ನೊಂದ್ಸಲ ಹೇಳಪ್ಪ."

ಹುಡುಗ ಮೂರು ತಿಂಗಳಲ್ಲಿ ಕಲಿತ ಕನ್ನಡವನ್ನು ಬಾಯೊಳಗೆ ಜೋಡಿಸಿಕೊಂಡು, ಹಲ್ಲು ಬಿಟ್ಟು ಹೇಳಿದ. "ನನ್ನ ಇಷ್ಟ."

"ಕೇಳಿದ್ಯಾ?" ಎಂದ ಅಪ್ಪ ಮಗಳ ಕಡೆ ತಿರುಗಿ. "ಎಷ್ಟು ನೇರವಾಗಿ ಹೇಳ್ದ ನೋಡು. ನಮ್ಮ ಮಕ್ಕಳಿಗೆ ಈ ಧೈರ್ಯ ಎಲ್ಲಿಂದ ಬರಬೇಕು."

ಅವಳು ಮೆಟ್ಟಿಲ ಕಡೆ ಹೊರಟಳು. ಬಿಡಲಿಲ್ಲ. ಹುಡುಗ ಗುಂಡಿಯಿಂದ ಹತ್ತಿ ಬಂದ ಮೇಲೆ ಮೇಸ್ತ್ರಿ ಸರಿಹೋದ ಲಿಫ್ಟನ್ನು ಕೆಳಗೆ ತಂದು ನಿಲ್ಲಿಸಿದ. ಒಂದು ಕಡೆ ದೊಡ್ಡಮ್ಮ, ಇನ್ನೊಂದು ಕಡೆ ಕಾಂಪೌಂಡರ್ ತೋಳು ಹಿಡಿದು, ಗಾಜಿನ ಹೂಜಿ ಸಾಗಿಸುವ ಹಾಗೆ ಅವಳನ್ನು ಒಳಗೆ ನಿಲ್ಲಿಸಿದರು. "ಕಣ್ಣು ಮುಚ್ಕೋ," ಎಂದಳು ದೊಡ್ಡಮ್ಮ. "ವರ್ಷ ಪೂರ್ತಿ ಮೆಟ್ಟಿಲು ಮುಟ್ಟಬೇಡ. ನಾವೆಲ್ಲ ಇದೀವಿ, ಒಂದು ಕ್ಷಣನೂ ಒಬ್ಬಳನ್ನೇ ಬಿಡಲ್ಲ."

ಅವಳು ಕಣ್ಣು ಮುಚ್ಚಲಿಲ್ಲ. ಲಿಫ್ಟ್ ಒಂದಿಷ್ಟೂ ಅಲುಗದೆ ಎರಡನೆಯ ಮಹಡಿಗೆ ಹೋಗಿ ನಿಂತಿತು. ಕೆಲಸ ಚೆನ್ನಾಗಿ ಮಾಡಿದ್ದರು.

ಆ ದಿನ ಅವಳಿಗೆ ಕೇಳಿದ ಒಂದು ವರ್ಷ ಸಿಕ್ಕಿತು. ಹೋದದ್ದು ಒಂದು ಕೆಲಸ, ಒಂದು ಸ್ಪ್ಯಾನರ್, ಪೆನ್ಸಿಲಿನಲ್ಲಿ ಬರೆದಿದ್ದ ಎರಡು ಪದ.