ಚಿಕ್ಕಪ್ಪನ ಲಿವರೂ ಊರ ಮನೆಗಳ ಹೆಪ್ಪೂ

ಹಲಸೂರಿನಿಂದ ಕೆ.ಆರ್. ಪುರದವರೆಗೆ ನಮ್ಮ ಚಿಕ್ಕಪ್ಪ ಹೆಪ್ಪು ಕೇಳದ ಪರಿಚಯದ ಮನೆ ಒಂದಿದ್ದರೆ ತೋರಿಸಿ, ನಾನು ಬರೆಯುವುದನ್ನೇ ಬಿಟ್ಟುಬಿಡುತ್ತೇನೆ! ಉಳಿದವರು ಮೊಸರು ಮುಗಿದ ದಿನ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗಿ, ಹಾಲಿಗೆ ಹಾಕಲು ಒಂದು ಚಮಚ ಹೆಪ್ಪು ತರುತ್ತಾರೆ. ಚಿಕ್ಕಪ್ಪ ಅದಕ್ಕಾಗಿ ಹಲಸೂರಿನ ತಮ್ಮ ಮನೆಯಿಂದ ಮೈಲಿಗಟ್ಟಲೆ ದೂರದ ಕಗ್ಗದಾಸಪುರಕ್ಕೆ ಹೋಗುತ್ತಿದ್ದರು. ಅದೂ ನಡೆದುಕೊಂಡು. ಬಸ್ಸಿನ ಕುಲುಕಾಟಕ್ಕೆ ಹೆಪ್ಪಿನ ಮನಸ್ಸು ಕೆಡುತ್ತದಂತೆ!

ಇದಕ್ಕೆಲ್ಲ ಕಾರಣ ಅವರ ಲಿವರು.

ಚಿಕ್ಕಪ್ಪನಿಗೆ ಎಚ್‌ಐವಿ ಇತ್ತು. ಹೇಗೆ ಬಂತು ಎಂದು ಕೆದಕುವವರಿಗೆ, "ನೂರಾ ಮೂವತ್ತೊಂಬತ್ತರ ಬಸ್ಸಲ್ಲಿ ಬಂತು. ನೀವು ಹೇಗೆ ಬಂದ್ರಿ?" ಎನ್ನುತ್ತಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗತೊಡಗಿದ ಕಾಲ. ಅಲಾರಂ ಇಟ್ಟು ನುಂಗಿದರು, ಕಡ್ಡಿಯಂತಿದ್ದವರು ಮೈ ತುಂಬಿಕೊಂಡರು, ಹೊಟ್ಟೆ ಕೂಡ ಬಂತು. ನಾವು ಖುಷಿಪಡುವಷ್ಟರಲ್ಲಿ ಸ್ಕ್ಯಾನಿಂಗ್ ಮಾಡಿಸಿದ ಡಾಕ್ಟರು, "ಲಿವರ್‌ನಲ್ಲಿ ಕೊಬ್ಬು ಸೇರಿದೆ" ಎಂದುಬಿಟ್ಟರು. ಎಚ್‌ಐವಿ ಎಂದು ತಿಳಿದಾಗ ವಾರಗಟ್ಟಲೆ ಮಾತು ಬಿಟ್ಟಿದ್ದ ಮನುಷ್ಯ, ಇದನ್ನು ಕೇಳಿ ಅರಳಿಹೋದರು.

"ನೋಡೋ! ಎಲ್ರಿಗೂ ಬರೋ ಕಾಯಿಲೆ ನಂಗೂ ಬಂತು!"

ಚಿಕ್ಕಪ್ಪ ಮೂವತ್ತು ವರ್ಷ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರು. ತಯಾರಾದ ಬಿಡಿಭಾಗಗಳನ್ನು ಅಳೆದು, ಸರಿ ಇದ್ದರೆ ಸೀಮೆಸುಣ್ಣದಲ್ಲಿ ಟಿಕ್, ಇಲ್ಲದಿದ್ದರೆ ಅಡ್ಡಗೀಟು. ನಿವೃತ್ತಿಯಾದರೂ ಜೇಬಿನಿಂದ ಸೀಮೆಸುಣ್ಣ ನಿವೃತ್ತಿಯಾಗಲಿಲ್ಲ. ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಲಿವರಿಗೂ ಉಪಕಾರ ಮಾಡಬಹುದು ಎಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದೇ ತಡ, ನನ್ನನ್ನು ಎಳೆದುಕೊಂಡು ಶಿವಾಜಿನಗರದ ಔಷಧಿ ಅಂಗಡಿಗೆ ನಡೆದರು.

"ಈ ಕ್ಯಾಪ್ಸೂಲಲ್ಲಿರೋ ಬ್ಯಾಕ್ಟೀರಿಯಾ ಎಲ್ಲಾ ಜೀವಂತ ಇದಾವಾ? ಹೇಗೆ ನಂಬೋದು?"

ಅಂಗಡಿಯ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಕ್ಯಾ ಸಾರ್, ಇದೇನು ಕೋಳೀನಾ, ರೆಕ್ಕೆ ಎತ್ತಿ ನೋಡಿ ತಗೊಳ್ಳಕ್ಕೆ?"

ಚಿಕ್ಕಪ್ಪ ಸೋಲುವವರೇ? ಮನೆಗೆ ಬಂದು ಒಂದು ಕ್ಯಾಪ್ಸೂಲು ಬಿಚ್ಚಿ ಉಗುರುಬೆಚ್ಚಗಿನ ಹಾಲಿಗೆ ಸುರಿದರು. ಜೀವವಿದ್ದರೆ ಮೊಸರು ಮಾಡಬೇಕಲ್ಲ! ಬೆಳಿಗ್ಗೆ ನೋಡಿದರೆ ಅತ್ತ ಹಾಲೂ ಅಲ್ಲ, ಇತ್ತ ಮೊಸರೂ ಅಲ್ಲ. ಡಬ್ಬಿಯ ಮೇಲೆ ಅಡ್ಡಗೀಟು ಬಿತ್ತು. ಎಲ್ಲ ಬ್ಯಾಕ್ಟೀರಿಯಾಗಳಿಗೂ ಮೊಸರು ಮಾಡುವ ಕಸುಬು ಬರಬೇಕೆಂದೇನೂ ಇಲ್ಲವಲ್ಲ ಎಂದು ನಾನು ಹೇಳಿದೆ. "ನೀನು ಯಾವ ಕಡೆಯೋನು?" ಎಂದರು!

ಮುಂದಿನ ಸಲ ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು: "ಎಚ್‌ಐವಿ ಇರೋರ ಲಿವರಿಗೆ ಇದ್ರಿಂದ ಲಾಭ ಇದೆಯಾ ಅಂತ ಗಟ್ಟಿಯಾಗಿ ಹೇಳೋಕಾಗಲ್ಲ. ಇನ್ನೂ ನೋಡ್ತಿದ್ದಾರೆ. ನನ್ನ ಕೇಳ್ದೆ ಯಾವ ಪುಡಿ, ಕ್ಯಾಪ್ಸೂಲೂ ತಗೋಬೇಡಿ. ನಿಮ್ಮ ಮಾತ್ರೆ ತಪ್ಪಿಸ್ಬೇಡಿ. ಸ್ವೀಟ್ ಬಿಡಿ, ದಿನಾ ನಡೀರಿ."

"ಮೊಸರು?"

"ಮೊಸರನ್ನ ತಿನ್ನಿ ಬಿಡ್ರೀ, ಅದಕ್ಕೂ ಚೀಟಿ ಬರ್ಕೊಡ್ಲಾ?"

ಇಷ್ಟರಲ್ಲಿ ಚಿಕ್ಕಪ್ಪನ ಕಿವಿಗೆ ಬಿದ್ದದ್ದು ಒಂದೇ ಮಾತು. "ಅವ್ರು ನೋಡ್ತಿದ್ದಾರಂತೆ. ನಾವೂ ನೋಡಣ!"

ಶುರುವಾಯಿತು ನೋಡಿ ಹೆಪ್ಪಿನ ದಂಡಯಾತ್ರೆ! ಹಲಸೂರಿನ ತಮಿಳು ಅಜ್ಜಿಯದು ಒಂದು, ಫ್ರೇಜರ್ ಟೌನಿನ ಬಟ್ಟೆ ವ್ಯಾಪಾರಿಯ ಮನೆಯದು ಒಂದು, ಕಗ್ಗದಾಸಪುರದಲ್ಲಿದ್ದ ಧಾರವಾಡದವರದು ಇನ್ನೊಂದು. "ಒಂದ್ ಚಮಚಾ ಮೊಸರಿಗೆ ಇಷ್ಟ್ ದೂರ ನಡಕೋತ ಬಂದೀರಲ್ರೀ!" ಎಂದು ಆ ಮನೆಯಾಕೆ ಊಟವನ್ನೂ ಹಾಕಿ ಕಳಿಸಿದರಂತೆ. ಅಡುಗೆಮನೆಯಲ್ಲಿ ಮೂರು ಮಡಕೆ, ಮೂರಕ್ಕೂ ಸೀಮೆಸುಣ್ಣದ ನಂಬರು, ತಿಂಗಳಿಗೊಂದು ಮಡಕೆಯ ಸರದಿ. ಆರು ತಿಂಗಳ ಮೇಲೆ ಸ್ಕ್ಯಾನಿಂಗ್ ಮಾಡಿಸಿದರೆ ಕೊಬ್ಬು ನಿಜವಾಗಿಯೂ ಸ್ವಲ್ಪ ಇಳಿದಿತ್ತು! ಯಾವ ಮಡಕೆ ಗೆದ್ದಿತು? ಡಾಕ್ಟರು ಎಲ್ಲ ಕೇಳಿಸಿಕೊಂಡು, ಚಿಕ್ಕಪ್ಪನ ಸವೆದ ಚಪ್ಪಲಿ ನೋಡಿ ನಕ್ಕರು. "ನನಗೇನೋ ಚಪ್ಪಲಿ ಮೇಲೆ ಅನುಮಾನ!"

ಆದರೆ ಮಡಕೆಗಳ ಪಕ್ಕದಲ್ಲಿ ಮುಚ್ಚಳವಿದ್ದ ಒಂದು ಸ್ಟೀಲ್ ಡಬ್ಬಿ ಇತ್ತು. ಅದರ ಮೇಲೆ ನಂಬರಿಲ್ಲ, 'ಕೊಡೋದಕ್ಕೆ' ಎಂದು ಬರೆದಿತ್ತು.

"ತಂದ್ಮೇಲೆ ಕೊಡ್ಬೇಕು ಕಣೋ. ಹೆಪ್ಪು ಅಂದ್ರೆ ಹಾಗೇ. ಇವತ್ತಲ್ಲ ನಾಳೆ ಯಾರಾದ್ರೂ ಕೇಳ್ಕೊಂಡು ಬರ್ತಾರೆ."

ಯಾರೂ ಬರಲಿಲ್ಲ. ಚಿಕ್ಕಪ್ಪ ಕಾಯಿಲೆಯನ್ನು ಮುಚ್ಚಿಟ್ಟವರಲ್ಲ, ಬೀದಿಗೆಲ್ಲ ಗೊತ್ತಿತ್ತು. ಕೊಡುವಾಗ ಎಲ್ಲರೂ ಧಾರಾಳಿಗಳೇ. ತಗೊಳ್ಳುವುದಕ್ಕೆ ಮಾತ್ರ ಯಾರ ಬಟ್ಟಲೂ ಮುಂದೆ ಬರಲಿಲ್ಲ. ದಿನಾ ಸಂಜೆ ಅವರೇ ಆ ಡಬ್ಬಿಯ ಮೊಸರನ್ನು ಕಡೆದು ಮಜ್ಜಿಗೆ ಮಾಡಿ ಕುಡಿದು, ತೊಳೆದು, ಮತ್ತೆ ಹಾಲು ಹಾಕಿ ಹೆಪ್ಪಿಡುತ್ತಿದ್ದರು.

ನೀನು ಕೇಳಬಾರದಿತ್ತೇನಯ್ಯ ಎನ್ನುತ್ತೀರಾ? ಮೊಸರಿನಿಂದ, ಊಟದಿಂದ, ಲೋಟದಿಂದ ಎಚ್‌ಐವಿ ಹರಡುವುದಿಲ್ಲ ಎಂದು ಮನೆಮಂದಿಯನ್ನೆಲ್ಲ ಕೂರಿಸಿ ಭಾಷಣ ಮಾಡಿದವನೇ ನಾನು! ಆದರೆ ಚಿಕ್ಕಪ್ಪ ಮೊಸರಿನ ಬಟ್ಟಲು ಮುಂದೆ ಹಿಡಿದ ಕೂಡಲೇ ನನ್ನ ಬಾಯಿಂದ ಬರುತ್ತಿದ್ದುದು, "ನೆಗಡಿ, ಚಿಕ್ಕಪ್ಪ." ಮೊದಲ ಸಲ ಹೇಳಿದ್ದು ಮಳೆಗಾಲದಲ್ಲಿ. ಆಮೇಲೆ ಚಳಿಗಾಲದಲ್ಲಿ. ಆಮೇಲೆ ಏಪ್ರಿಲ್ಲಿನ ಉರಿಬಿಸಿಲಿನಲ್ಲಿ, ಬೆವರು ಒರೆಸಿಕೊಳ್ಳುತ್ತಾ. ಒಟ್ಟು ನಾಲ್ಕು ವರ್ಷ ನೆಗಡಿ!

ತೇಗು ಎರಡು ಸಲ ಬಂದರೆ ಆಸ್ಪತ್ರೆಗೆ ಓಡುವ ಜಾತಿ ನಾನು. ಹಾಗೊಮ್ಮೆ ಓಡಿ ಸ್ಕ್ಯಾನಿಂಗ್ ಮಾಡಿಸಿಕೊಂಡೆ. ಲಿವರಿನಲ್ಲಿ ಕೊಬ್ಬು! ಹೊಸ ತಿಪ್ಪಸಂದ್ರದ ನನ್ನ ಮನೆಗೆ ಹೋಗದೆ ನೇರ ಹಲಸೂರಿಗೆ, ಚಿಕ್ಕಪ್ಪನಲ್ಲಿಗೆ ಬಂದೆ. ಚಿಕ್ಕಪ್ಪ ರಿಪೋರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಪರೀಕ್ಷೆ ಮಾಡಿದರು.

"ನಂಗಿಂತ ಜಾಸ್ತಿ ಇದ್ಯಲ್ಲೋ ಕಳ್ಳ!" ಎಂದರು, ಕೊಂಚ ಅಸೂಯೆಯಿಂದಲೇ.

"ಏನ್ ಮಾಡ್ಲಿ ಚಿಕ್ಕಪ್ಪ?"

"ಸ್ವೀಟ್ ಬಿಡು. ದಿನಾ ನಡಿ."

ಅಷ್ಟೇ. ಮೊಸರಿನ ಸುದ್ದಿಯೇ ಇಲ್ಲ! ಊರಿಗೆಲ್ಲ ಮೊಸರಿನ ಮಹಿಮೆ ಹೇಳಿದ ಬಾಯಿ, ನನ್ನ ಮುಂದೆ ಅದನ್ನು ನುಂಗಿಕೊಂಡಿತ್ತು. ಡಬ್ಬಿ ತನ್ನ ಜಾಗದಲ್ಲಿ ಕೂತಿತ್ತು. ಅದರ ಮೇಲಿನ ಅಕ್ಷರ ಮಾಸಿದಂತೆಲ್ಲ ತಿದ್ದಿ ತಿದ್ದಿ ದಪ್ಪವಾಗಿತ್ತು.

"ಚಿಕ್ಕಪ್ಪ, ಸ್ವಲ್ಪ ಹೆಪ್ಪು ಕೊಡ್ತೀರಾ? ಮನೇಲಿ ಮೊಸರು ಮುಗ್ದಿದೆ."

ಸುಳ್ಳು. ಮನೆಯಲ್ಲಿ ಪಾತ್ರೆ ತುಂಬ ಮೊಸರಿತ್ತು.

ಅವರು ಡಬ್ಬಿ ಇಳಿಸಿ, ಪಂಚೆಯ ಚುಂಗಿನಿಂದ ಅದರ ಮೇಲಿನ ಅಕ್ಷರ ಒರೆಸಿ, ಡಬ್ಬಿಯನ್ನೇ ನನ್ನ ಕೈಗಿಟ್ಟರು. ನಾನು ಮುಚ್ಚಳ ತೆಗೆದು ಅಲ್ಲೇ ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಹುಳಿಯೆಂದರೆ ಹುಳಿ!

"ನೆಗಡಿ ಹೋಯ್ತೇನೋ?"

"ಹೋಯ್ತು, ಚಿಕ್ಕಪ್ಪ."

ಅವರು ಜೇಬಿನಿಂದ ಸೀಮೆಸುಣ್ಣ ತೆಗೆದು, ನನ್ನ ಅಂಗಿಯ ತೋಳಿನ ಮೇಲೆ ಒಂದು ಟಿಕ್ ಹಾಕಿದರು.