ಸುರಂಗದಿಂದ ಹೊರಬರಲು ಅರ್ಜಿ

ನಗರ ಗ್ರಂಥಾಲಯದ ನಿಯಮ ಇಪ್ಪತ್ತೆರಡರ ಪ್ರಕಾರ, ಪ್ರತಿಭಾವಂತ ಮಕ್ಕಳ ಸಾಹಸ ಕಥೆಗಳನ್ನು ಪ್ರತಿಭಾವಂತರೆಂದು ದೃಢಪಟ್ಟ ಮಕ್ಕಳಿಗೆ ಮಾತ್ರ ಕೊಡತಕ್ಕದ್ದು. ದಡ್ಡ ಮಕ್ಕಳು ಓದಿ ಪುಸ್ತಕ ಸವೆಸಬಾರದೆಂಬುದು ಇದರ ಸದುದ್ದೇಶ.

ಈ ಸದುದ್ದೇಶ ಟೈಲರಮ್ಮನಿಗೆ ಗೊತ್ತಿರಲಿಲ್ಲ. ಈ ನಿಯಮ ಬರುವ ಮುಂಚೆಯೇ, ಹತ್ತನೇ ತರಗತಿ ಮುಗಿಯುವ ಹೊತ್ತಿಗೆ, ಆಕೆ ಆ ಕಥೆಗಳ ಸರಣಿಯಲ್ಲಿ ಐದು ಭಾಗ ಓದಿದ್ದಳು. ಐದನೆಯದರ ಕೊನೆಯಲ್ಲಿ ನಾಲ್ವರು ಜಾಣ ಮಕ್ಕಳು ಸುರಂಗದೊಳಗೆ ಸಿಕ್ಕಿಬಿದ್ದಿದ್ದರು. ಬಾಗಿಲಿಗೆ ಹೊರಗಿನಿಂದ ಬೀಗ. ಅಷ್ಟರಲ್ಲಿ ಮನೆಯವರು ಆಕೆಗೆ ಮದುವೆ ಮಾಡಿದರು. ಹದಿನಾಲ್ಕು ವರ್ಷ ಕಳೆದರೂ ಆ ಮಕ್ಕಳ ವನವಾಸ ಮುಗಿದಿರಲಿಲ್ಲ. ಗುಂಡಿ ಹೊಲಿಯುವಾಗೆಲ್ಲ ಆಕೆಗೆ ಅದೇ ಚಿಂತೆ: ಏನು ತಿಂತಿವೆಯೋ, ಪಾಪ.

ಈಗ ಮಗಳಿಗೆ ಒಂಬತ್ತು. ಮಗಳನ್ನು ಕರೆದುಕೊಂಡು, ಅವಳ ನೆಪ ಹೇಳಿ ಆರನೇ ಭಾಗ ತರಲು ಹೋದಳು. ಗ್ರಂಥಪಾಲಕರು ಕನ್ನಡಕದ ಮೇಲಿಂದ ನೋಡಿ, ಮೊದಲು ಪರೀಕ್ಷೆ ಎಂದರು. ಪ್ರಶ್ನೆ ಒಂದೇ: "ನೀವಿರುವ ಕೋಣೆಗೆ ಹೊರಗಿನಿಂದ ಬೀಗ ಬಿದ್ದಿದೆ. ಏನು ಮಾಡುವಿರಿ?"

ಸ್ಟೂಲು ಹತ್ತಿ, ಕಿಟಕಿ ಗಾಜು ಒಡೆದು ಹಾರುತ್ತೇನೆ ಎಂದು ಮಗಳು ಬರೆದಳು. ಸೊನ್ನೆ ಬಂತು. ಗಾಜು ಇಲಾಖೆಯ ಆಸ್ತಿ, ಸ್ಟೂಲಂತೂ ಹತ್ತುವುದಕ್ಕಲ್ಲ ಎಂದು ಗ್ರಂಥಪಾಲಕರು ತಿಳಿಹೇಳಿದರು.

"ಹಾಗಾದ್ರೆ ನಾನೇ ಬರೀತೀನಿ ಸಾರ್."

"ಇದು ಮಕ್ಕಳ ವಿಭಾಗ ಕಣಮ್ಮ."

ಟೈಲರಮ್ಮ ಪರ್ಸಿನಿಂದ ಮಕ್ಕಳ ವಿಭಾಗದ ತನ್ನ ಹಳೇ ಕಾರ್ಡು ತೆಗೆದಿಟ್ಟಳು. ಅವರು ರಿಜಿಸ್ಟರ್ ತಿರುವಿದರು. ಬೆಳೆದ ಮಕ್ಕಳು ತಾವು ಬೆಳೆದಿದ್ದೇವೆಂದು ಅರ್ಜಿ ಕೊಟ್ಟು ಕಾರ್ಡು ರದ್ದು ಮಾಡಿಸಿಕೊಳ್ಳಬೇಕು. ಆಕೆ ಕೊಟ್ಟಿರಲಿಲ್ಲ. ದಾಖಲೆಯಲ್ಲಿ ಆಕೆ ಇನ್ನೂ ಮಗು. ದಾಖಲೆ ಇರುವಾಗ ಕಣ್ಣನ್ನು ನಂಬುವವರಲ್ಲ ಅವರು. ಚಿಕ್ಕ ಕುರ್ಚಿ ಎಳೆದುಕೊಟ್ಟರು. ಕೂತರೆ ಮೊಣಕಾಲು ಗಲ್ಲಕ್ಕೆ ಬಡಿಯಿತು.

ಜನನ ಪತ್ರದಲ್ಲಿ ಗಂಡಾಗಿದ್ದ ಮಗಳನ್ನು ಹೆಣ್ಣು ಮಾಡಿಸಲು ಎರಡು ವರ್ಷ ಚಪ್ಪಲಿ ಸವೆಸಿದವಳು ಟೈಲರಮ್ಮ. ಬರೆದಳು: "ಬಾಗಿಲ ಸಂದಿಯಿಂದ ಮೂರು ಪ್ರತಿ ಅರ್ಜಿ ತೂರಿಸಿ, ಸ್ವೀಕೃತಿ ಪಡೆದು, ಕಾಯುತ್ತೇನೆ."

ನೂರಕ್ಕೆ ನೂರು. ತಮ್ಮ ಸೇವಾವಧಿಯಲ್ಲಿ ಇಂಥ ಮಗುವನ್ನೇ ಕಂಡಿಲ್ಲವೆಂದು ಗ್ರಂಥಪಾಲಕರು ಕಣ್ಣೊರೆಸಿಕೊಂಡರು.

ಇನ್ನು ಪೋಷಕರ ಸಹಿ. ಜೊತೆಗೆ ಬಂದವರೇ ಪೋಷಕರೆಂದು ನಿಯಮವಿದ್ದುದರಿಂದ ಮಗಳು ಸೊಟ್ಟ ಅಕ್ಷರದಲ್ಲಿ ಸಹಿ ಹಾಕಿದಳು. "ಪುಸ್ತಕದ ಹಾಳೆ ಮಡಚ್ಬೇಡ, ಎಂಜಲು ಹಚ್ಬೇಡ. ನನ್ನ ಮರ್ಯಾದೆ ತೆಗೀಬೇಡ," ಎಂದಳು.

ಟೈಲರಮ್ಮ ಹೊರಗಿನ ಮೆಟ್ಟಿಲ ಮೇಲೇ ಕೂತು ಪುಸ್ತಕ ಬಿಚ್ಚಿದಳು. ನಾಲ್ಕನೇ ಪುಟದಲ್ಲಿ ಮಕ್ಕಳು ಕಲ್ಲೆತ್ತಿಕೊಂಡು ಬಾಗಿಲ ಕಡೆ ನಡೆದರು. ಐದನೆಯ ಪುಟ ಇರಲಿಲ್ಲ. ಅದರ ಜಾಗದಲ್ಲಿ ಮೊಹರು ಬಿದ್ದ ಒಂದು ಚೀಟಿ ಅಂಟಿಸಿತ್ತು:

"ಮುಂದಿನ ಪುಟಗಳಲ್ಲಿ ಬಾಗಿಲು ಒಡೆದಿರುವುದು ಕಂಡುಬಂದ ಕಾರಣ ತೆಗೆಯಲಾಗಿದೆ. ಮಕ್ಕಳು ಅರ್ಜಿ ಸಲ್ಲಿಸಿದ್ದಾರೆ. ಪರಿಶೀಲನೆಯಲ್ಲಿದೆ."

ಆಕೆ ಅದನ್ನು ಎರಡು ಸಲ ಓದಿದಳು.

"ಹೊರಗೆ ಬಂದ್ರಾ ಅಮ್ಮ?"

"ಅರ್ಜಿ ಹಾಕಿದ್ದಾರಂತೆ."

ಪೋಷಕರು ಕೊಂಚ ಯೋಚಿಸಿದರು. "ಮೂರು ಪ್ರತಿ ಕೊಟ್ಟಿದ್ದಾರಾ?"

ಕೊಟ್ಟೇ ಇರುತ್ತಾರೆ, ಜಾಣ ಮಕ್ಕಳಲ್ಲವೇ, ಎಂದಳು ಟೈಲರಮ್ಮ. ಇಬ್ಬರಿಗೂ ಸಮಾಧಾನವಾಯಿತು.